ಜಪಾನಿನ ಎರಡು ವರ್ಷ: ಜತ್ತದ ಹುಡುಗನ ಲೆಕ್ಕ ಕೂಡುತ್ತದೆಯೇ?

ಸಾಂಗ್ಲಿ: 2025ರ ಆಗಸ್ಟ್ 29ರಂದು ಟೋಕಿಯೋದಲ್ಲಿ ಭಾರತ ಮತ್ತು ಜಪಾನ್ ಪ್ರಧಾನಿಗಳ ನಡುವೆ ಮಾತುಕತೆ ನಡೆದು ಒಂದು ಯೋಜನೆ ಹೊರಬಿತ್ತು. ಐದು ವರ್ಷಗಳಲ್ಲಿ ಎರಡೂ ದೇಶಗಳ ನಡುವೆ 5 ಲಕ್ಷ ಜನ ಹೋಗಿ ಬರಬೇಕು, ಅದರಲ್ಲಿ 50 ಸಾವಿರ ಜನ ಭಾರತದಿಂದ ಜಪಾನಿಗೆ ಹೋಗುವ ಕುಶಲಿಗರು ಆಗಿರಬೇಕು ಎಂಬುದು ಅದರ ತಾತ್ಪರ್ಯ. ಟೋಕಿಯೋದಲ್ಲಿ ಹೇಳಿದ ಈ ಅಂಕಿ ಸಾಂಗ್ಲಿ, ಮಿರಜಕ್ಕೆ ಬರುವಷ್ಟರಲ್ಲಿ '50 ಸಾವಿರ ನೌಕರಿ' ಆಗುತ್ತದೆ. ಜತ್ತ ದಾಟಿ ಸಂಖ, ಉಮದಿ ಮುಟ್ಟುವಷ್ಟರಲ್ಲಿ 'ಅಲ್ಲಿ ಹೋಗಿ ಸಾಲಿ ಕಲೀರಿ, ದುಡೀರಿ, ಫೀ ಅದರಾಗ ಹೊಂಡತೈತಿ' ಎಂದಾಗುತ್ತದೆ.

ನಿಜವಾಗಿ ಹೊರಡುತ್ತದೆಯೇ? ಗಡಿ ಭಾಗದ ಅಪ್ಪ ಅವ್ವಂದಿರು ಕೇಳಿಕೊಳ್ಳಬೇಕಾದ ಪ್ರಶ್ನೆ ಇದು. ಜಪಾನಿಗೆ ಹೋಗುವ ದಾರಿ ಒಂದಲ್ಲ. ಭಾಷಾ ಶಾಲೆಯ ದಾರಿ ಬೇರೆ, ಕೆಲಸದ ವೀಸಾದ ದಾರಿ ಬೇರೆ. ಎರಡನ್ನೂ ಒಂದೇ ಚೀಲದಲ್ಲಿ ಹಾಕಿ ಮಾರುವವರ ಮಾತು ಕೇಳಿ ಹೊಲ ಒತ್ತೆ ಇಟ್ಟರೆ ಕೆಟ್ಟಂತೆಯೇ.

ಸಾಂಗ್ಲಿ ಜಿಲ್ಲೆಗೆ ಊರು ಬಿಟ್ಟು ದುಡಿಯುವುದು ಹೊಸದಲ್ಲ. ಖಾನಾಪುರ, ಆಟಪಾಡಿ ತಾಲೂಕುಗಳ ಗಲಾಯಿ ಕೆಲಸಗಾರರು ಬಂಗಾರ, ಬೆಳ್ಳಿ ಕರಗಿಸುವ ಕಸುಬು ಹಿಡಿದು ದೇಶದ ಮೂಲೆ ಮೂಲೆಗೆ ಹೋಗಿ ನೆಲೆಸಿದ್ದಾರೆ. ಜಪಾನಿನ ಸಂಬಂಧವೂ ಒಂದು ಸುತ್ತಿನಲ್ಲಿ ಈ ನೆಲಕ್ಕೆ ತಾಗುತ್ತದೆ. ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನ ಲಕ್ಷ್ಮಣರಾವ್ ಕಿರ್ಲೋಸ್ಕರ್ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ನಡೆಸಿ, 1910ರಲ್ಲಿ ಕುಂಡಲ್ ಹತ್ತಿರದ ಮಾಳದಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದರು. ಅದೇ ಮನೆತನದ ಹೆಸರು 1997ರಲ್ಲಿ ಟೊಯೋಟಾ ಜೊತೆ ಸೇರಿ ಬಿಡದಿಗೆ ಹೋಯಿತು. ಅಂದರೆ ಜಪಾನಿಯರು ನಮ್ಮ ಕಡೆ ಬಂದು ಕಾಲು ಶತಮಾನ ದಾಟಿದೆ. ನಮ್ಮ ಹುಡುಗರು ಅವರ ಊರಿಗೆ ಹೋಗಿ ಅವರ ಭಾಷೆ ಕಲಿಯುವ ಮಾತು ಮಾತ್ರ ಈಗ ಜೋರಾಗಿದೆ.

ಎರಡು ವರ್ಷದ ಶಾಲೆ ಅಂದರೇನು?

ಜಪಾನಿನ ಭಾಷಾ ಶಾಲೆಗಳಲ್ಲಿ ವಿದ್ಯಾರ್ಥಿ ವೀಸಾದ ಮೇಲೆ ಹೆಚ್ಚೆಂದರೆ ಎರಡು ವರ್ಷ ಇರಬಹುದು. ಏಪ್ರಿಲ್‌ನಲ್ಲಿ ಸೇರಿದವರಿಗೆ ಪೂರ್ತಿ ಎರಡು ವರ್ಷ, ಅಕ್ಟೋಬರ್‌ನಲ್ಲಿ ಸೇರಿದವರಿಗೆ ಒಂದೂವರೆ. ದಿನಕ್ಕೆ ಅರ್ಧ ಹೊತ್ತು ಪಾಠ, ವಾರಕ್ಕೆ 20 ಪೀರಿಯಡ್. ಹಾಜರಿ ಕಡಿಮೆಯಾದರೆ ವೀಸಾ ಮುಂದುವರಿಸುವಾಗ ತೊಡಕು ಗ್ಯಾರಂಟಿ. ಕಾಲೇಜಿಗೆ ಹೆಸರು ಹಚ್ಚಿ ಪರೀಕ್ಷೆ ಹೊತ್ತಿಗೆ ಮುಖ ತೋರಿಸುವ ನಮ್ಮ ಕಡೆಯ ರೂಢಿ ಅಲ್ಲಿ ನಡೆಯದು.

ಹೋಗುವ ಮೊದಲೇ ಸುಮಾರು 150 ತಾಸು ಜಪಾನಿ ಕಲಿತ ಪುರಾವೆ ಅಥವಾ ಎನ್5 ಮಟ್ಟದ ಪರೀಕ್ಷೆ ಕೇಳುತ್ತಾರೆ. ಎನ್5 ಎಂಬುದು ಕೆಳಗಿನ ಮೆಟ್ಟಿಲು, ಎನ್1 ಮೇಲಿನದು. ಈ ಜೆಎಲ್‌ಪಿಟಿ ಪರೀಕ್ಷೆ ಜುಲೈ ಮತ್ತು ಡಿಸೆಂಬರ್‌ನಲ್ಲಿ ನಡೆಯುತ್ತದೆ. ನಮಗೆ ಹತ್ತಿರದ ಕೇಂದ್ರವೆಂದರೆ ಪುಣೆ, ಇಲ್ಲದಿದ್ದರೆ ಮುಂಬೈ, ಬೆಂಗಳೂರು.

ಶಾಲೆ ಸೀಟು ಕೊಟ್ಟರಷ್ಟೇ ಸಾಲದು. ಜಪಾನಿನ ವಲಸೆ ಇಲಾಖೆ ಅರ್ಹತಾ ಪ್ರಮಾಣಪತ್ರ ಕೊಟ್ಟ ಮೇಲೆಯೇ ವೀಸಾ. ಅದಕ್ಕೆ ಖರ್ಚು ಹೊರುವವರ ಆದಾಯ, ಬ್ಯಾಂಕ್ ಶಿಲ್ಕು, ಆ ಹಣ ಎಲ್ಲಿಂದ ಬಂತು ಎಂಬ ವಿವರ ಎಲ್ಲ ಬೇಕು. ಒಂದು ತಿಂಗಳ ಮಟ್ಟಿಗೆ ಖಾತೆಗೆ ರೊಕ್ಕ ತುಂಬಿ ತೋರಿಸುವ ಆಟ ಆಡಲು ಹೋಗಿ ಅರ್ಜಿ ತಿರಸ್ಕೃತವಾದರೆ ಮುಂದಿನ ಅರ್ಜಿಗೂ ಆ ಕಲೆ ಅಂಟಿಕೊಳ್ಳುತ್ತದೆ. ಜತ್ತದ ಹುಡುಗನ ಕಾಗದಗಳೋ, ಒಂದಿಷ್ಟು ಕನ್ನಡ ಶಾಲೆಯವು, ತಹಸೀಲ್ದಾರರ ದಾಖಲೆ ಮರಾಠಿಯಲ್ಲಿ, ಪದವಿ ಶಿವಾಜಿ ವಿಶ್ವವಿದ್ಯಾಲಯದ್ದು. ಎಲ್ಲವನ್ನೂ ಅನುವಾದ ಮಾಡಿಸಬೇಕು. ಹೆಸರಿನ ಒಂದಕ್ಷರ ಕನ್ನಡದಲ್ಲೊಂದು, ಮರಾಠಿಯಲ್ಲೊಂದು ಇರುವುದು ಗಡಿ ಭಾಗದಲ್ಲಿ ಮಾಮೂಲು. ಮೊದಲು ಅದನ್ನು ಸರಿ ಮಾಡಿಸಿಕೊಂಡವನೇ ಜಾಣ. ವಿಜಯಪುರ ಎಷ್ಟೇ ಹತ್ತಿರವಿದ್ದರೂ ವಿಳಾಸ ಮಹಾರಾಷ್ಟ್ರದ್ದಾದ್ದರಿಂದ ಇವರ ವೀಸಾ ಕೆಲಸ ಮುಂಬೈ ಕಾನ್ಸುಲೇಟಿನ ವ್ಯಾಪ್ತಿಗೆ ಬರುತ್ತದೆ, ಬೆಂಗಳೂರಿನದ್ದಕ್ಕಲ್ಲ.

28 ತಾಸಿನ ಗಣಿತ

ಈಗ ರೊಕ್ಕದ ವಿಚಾರ. ಶಾಲೆಗಳ ಶುಲ್ಕ ವರ್ಷಕ್ಕೆ ಸಾಮಾನ್ಯವಾಗಿ 7ರಿಂದ 9 ಲಕ್ಷ ಯೆನ್. ನಡುವಿನ 8 ಲಕ್ಷ ಹಿಡಿಯೋಣ. 100 ಯೆನ್‌ಗೆ ಇತ್ತೀಚೆಗೆ 55ರಿಂದ 60 ರೂಪಾಯಿ ಆಸುಪಾಸು. ಅಂದರೆ ವರ್ಷದ ಶುಲ್ಕವೇ ಸುಮಾರು 4.6 ಲಕ್ಷ ರೂಪಾಯಿ. ಇದನ್ನು ಪೂರ್ತಿಯಾಗಿಯೋ ಅರ್ಧವಾಗಿಯೋ ಹೋಗುವ ಮುಂಚೆಯೇ ಕಟ್ಟಬೇಕು. ಪ್ರವೇಶ ಶುಲ್ಕ, ವಿಮಾನ, ಕೋಣೆಯ ಮುಂಗಡ, ಮೊದಲ ಮೂರು ತಿಂಗಳ ಊಟ ಸೇರಿಸಿದರೆ ಹೊರಡುವ ದಿನಕ್ಕೆ 7-8 ಲಕ್ಷ ರೂಪಾಯಿ ಕೈಯಲ್ಲಿರದೆ ಆಗದು.

ವಿದ್ಯಾರ್ಥಿಗೆ ಅನುಮತಿ ಪಡೆದು ವಾರಕ್ಕೆ 28 ತಾಸು ಕೆಲಸ ಮಾಡಲು ಅವಕಾಶವಿದೆ. ಶಾಲೆಯ ದೀರ್ಘ ರಜೆಯಲ್ಲಿ ದಿನಕ್ಕೆ 8 ತಾಸಿನವರೆಗೆ. 2025ರಲ್ಲಿ ಪರಿಷ್ಕೃತವಾದ ಕನಿಷ್ಠ ವೇತನ ಅಲ್ಲಿ ದೇಶದ ಸರಾಸರಿ ತಾಸಿಗೆ 1,121 ಯೆನ್, ಟೋಕಿಯೋದಲ್ಲಿ 1,226 ಯೆನ್. ಸರಾಸರಿಯನ್ನೇ ಹಿಡಿದರೆ ನಾಲ್ಕು ವಾರಕ್ಕೆ 112 ತಾಸು, ಒಟ್ಟು 1,25,552 ಯೆನ್. ರೂಪಾಯಿಗೆ ತಿರುಗಿಸಿದರೆ 70 ಸಾವಿರ ದಾಟುತ್ತದೆ. ಹಳ್ಳಿಯಲ್ಲಿ ಕೂತು ಕೇಳಿದರೆ ದೊಡ್ಡ ಪಗಾರವೇ! ಆದರೆ ಅದರಲ್ಲಿ ಶುಲ್ಕದ ತಿಂಗಳ ಪಾಲು 66 ಸಾವಿರ ಯೆನ್ ತೆಗೆದರೆ ಉಳಿಯುವುದು 59 ಸಾವಿರ. ಅಷ್ಟರಲ್ಲೇ ಕೋಣೆ ಬಾಡಿಗೆ, ಊಟ, ರೈಲು, ಫೋನು, ಕಡ್ಡಾಯ ಆರೋಗ್ಯ ವಿಮೆ. ಇಬ್ಬರು ಮೂವರು ಕೂಡಿ ಇದ್ದು, ಕೈಯಾರೆ ಅನ್ನ ಬೇಯಿಸಿಕೊಂಡರೂ ತಿಂಗಳ ಕೊನೆಗೆ ಜಮಾ ಖರ್ಚು ಮುಟ್ಟುವುದು ಕಷ್ಟ. ಊರಿಗೆ ಕಳಿಸಿ ಸಾಲದ ಕಂತು ತುಂಬುವ ಮಾತು ದೂರವೇ ಉಳಿಯಿತು.

ಅದೂ ಕೆಲಸ ಮೊದಲ ದಿನವೇ ಸಿಕ್ಕರೆ. ಅಂಗಡಿ, ಹೋಟೆಲುಗಳಲ್ಲಿ ನಿಲ್ಲಬೇಕಾದರೆ ಗಿರಾಕಿ ಹೇಳಿದ್ದು ತಿಳಿಯಬೇಕು. ಭಾಷೆ ಬಾರದವನ ಪಾಲಿಗೆ ಬರುವುದು ರಾತ್ರಿ ಪಾಳಿಯ ಊಟದ ಡಬ್ಬಿ ಕಾರ್ಖಾನೆ, ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವ ಕೆಲಸ. ರಾತ್ರಿ ಅಲ್ಲಿ ನಿಂತು ಬೆಳಿಗ್ಗೆ ತರಗತಿಯಲ್ಲಿ ತೂಕಡಿಸಿದರೆ ಯಾವ ಭಾಷೆ ಕಲಿತಂತಾಯಿತು? ಸಾಲದ ಒತ್ತಡಕ್ಕೆ 28 ತಾಸಿನ ಗೆರೆ ದಾಟಿದರೆ, ಅದು ತೆರಿಗೆ ಕಾಗದಗಳಲ್ಲಿ ಕಂಡೇ ಕಾಣುತ್ತದೆ. ವೀಸಾ ಮುಂದುವರಿಯದೆ ವಾಪಸ್ ಬರಬೇಕಾಗುತ್ತದೆ. ಎರಡು ವರ್ಷದ ಯೋಜನೆ ಮುರಿದು ಬೀಳುವುದು ಹೆಚ್ಚಾಗಿ ಈ ಜಾಗದಲ್ಲೇ.

ಇನ್ನೊಂದು ಸೂಕ್ಷ್ಮವಿದೆ. 2020ರಲ್ಲಿ ಒಂದು ಲಕ್ಷ ಯೆನ್ ಅಂದರೆ ಸುಮಾರು 70 ಸಾವಿರ ರೂಪಾಯಿ ಇತ್ತು. ಆಮೇಲೆ ಯೆನ್ ಬಿದ್ದಿದೆ. ಇಲ್ಲಿಂದ ರೊಕ್ಕ ಕಳಿಸಿ ಓದಿಸುವ ತಂದೆಗೆ ಇದು ಲಾಭ, ಅಲ್ಲಿ ದುಡಿದು ಇಲ್ಲಿಯ ಸಾಲ ತೀರಿಸುವ ಮಗನಿಗೆ ನಷ್ಟ. 'ಫೀ ಅಗ್ಗ ಆಗೇತಿ' ಎಂದು ಹೇಳುವವರು ಈ ಎರಡನೇ ಭಾಗವನ್ನು ಹೇಳುವುದಿಲ್ಲ.

ವ್ಯಾಕರಣ ಸರಳ, ಕಾಂಜಿ ಕಠಿಣ

ಹಾಗಂತ ನಮ್ಮ ಹುಡುಗರಿಗೆ ಜಪಾನಿ ಬರಲಾರದು ಎಂದಲ್ಲ. ಬದಲಿಗೆ ಗಡಿ ಭಾಗದ ಮಕ್ಕಳಿಗೆ ಇದು ಇಂಗ್ಲಿಷಿಗಿಂತ ಹತ್ತಿರದ ಭಾಷೆ ಎನ್ನಿಸಿದರೆ ಆಶ್ಚರ್ಯವಿಲ್ಲ. 'ನಾನು ನೀರು ಕುಡಿಯುತ್ತೇನೆ' ಎಂಬುದು ಜಪಾನಿಯಲ್ಲಿ 'ವತಾಶಿ ವಾ ಮಿಜು ಓ ನೊಮಿಮಾಸು'. ಮೊದಲು ಕರ್ತೃ, ಆಮೇಲೆ ಕರ್ಮ, ಕೊನೆಗೆ ಕ್ರಿಯಾಪದ. ಕನ್ನಡದಲ್ಲೂ ಮರಾಠಿಯಲ್ಲೂ ಇದೇ ಕ್ರಮ. ನಮ್ಮ ವಿಭಕ್ತಿ ಪ್ರತ್ಯಯದಂತೆ ಅವರಲ್ಲೂ ಪದದ ಹಿಂದೆ ಅಂಟುವ ಚಿಕ್ಕ ಪದಗಳಿವೆ. ನೀನು, ನೀವು, ತಾವು ಎಂದು ಮರ್ಯಾದೆ ಅಳೆದು ಮಾತಾಡಿ ಬೆಳೆದವರಿಗೆ ಅಲ್ಲಿಯ ಗೌರವ ರೂಪಗಳೂ ಪೂರ್ತಿ ಪರಕೀಯವಲ್ಲ. ಅವರ ಅಕ್ಷರಮಾಲೆಯ ಸಾಲು ಅ, ಇ, ಉ, ಎ, ಒ. ಬಳಿಕ ಕ, ಸ, ತ, ನ, ಹ, ಮ, ಯ, ರ, ವ. ಈ ಕ್ರಮ ಬೌದ್ಧ ಸನ್ಯಾಸಿಗಳ ಸಂಸ್ಕೃತ ಕಲಿಕೆಯಿಂದ ಹೋದದ್ದು ಎನ್ನುತ್ತಾರೆ ವಿದ್ವಾಂಸರು.

ಕಾಡುವುದು ಕಾಂಜಿ. ಚೀನಾದಿಂದ ಬಂದ ಈ ಚಿತ್ರಾಕ್ಷರಗಳಲ್ಲಿ ದಿನಬಳಕೆಗೆ ಎಂದು ಸರ್ಕಾರ ಪಟ್ಟಿ ಮಾಡಿದ್ದೇ 2,136. ತರಗತಿಯಲ್ಲಿ ಪಕ್ಕದಲ್ಲಿ ಕೂತ ಚೀನಾ ಹುಡುಗನಿಗೆ ಅವು ಬಾಲ್ಯದಿಂದ ಪರಿಚಿತ. ನಮ್ಮವರು ಮಾತಿನಲ್ಲಿ ಮುಂದೆ ಹೋದರೂ ಓದಿನಲ್ಲಿ ಹಿಂದೆ ಬೀಳುವುದು ಇಲ್ಲೇ. ಇದಕ್ಕೆ ಬುದ್ಧಿಗಿಂತ ದಿನಾ ಬರೆದು ತಿದ್ದುವ ತಾಳ್ಮೆ ಬೇಕು. ಆ ತಾಳ್ಮೆ ಮನೆಯಲ್ಲೇ ಕೂತು ಕಲಿಯಬಹುದಾದದ್ದು, ಅದಕ್ಕಾಗಿ ಒಸಾಕಾದಲ್ಲಿ ಬಾಡಿಗೆ ಕಟ್ಟಬೇಕಾಗಿಲ್ಲ.

ಊಟದ ಮಾತೂ ಸಣ್ಣದಲ್ಲ. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ನಡೆದು ಹೋಗುವ ಮನೆಯ ಸಸ್ಯಾಹಾರಿ ಹುಡುಗನಿಗೆ ಅಲ್ಲಿಯ ಸಾರಿನಲ್ಲೂ ಮೀನಿನ ರಸ 'ದಾಶಿ' ಇರುತ್ತದೆ ಎಂದು ಮೊದಲೇ ಹೇಳಿರಬೇಕು. ರೊಟ್ಟಿಯ ಹಿಟ್ಟು ತೀರಿದ ಮೇಲೆ ಗೊತ್ತಾದರೆ ಪ್ರಯೋಜನವಿಲ್ಲ.

ಯಾರಿಗೆ ಯಾವ ದಾರಿ?

ದುಡಿಮೆಯೇ ಗುರಿಯಾದವನಿಗೆ ಭಾಷಾ ಶಾಲೆ ಸುತ್ತು ದಾರಿ. 2019ರ ಏಪ್ರಿಲ್‌ನಿಂದ ಜಪಾನ್ 'ನಿರ್ದಿಷ್ಟ ಕುಶಲ ಕೆಲಸಗಾರ' ಎಂಬ ವೀಸಾ ಕೊಡುತ್ತಿದೆ. 2021ರ ಜನವರಿಯಲ್ಲಿ ಭಾರತದೊಡನೆ ಅದರ ಒಪ್ಪಂದವಾಯಿತು. ಎನ್4 ಅಥವಾ ಅದಕ್ಕೆ ಸಮನಾದ ಭಾಷಾ ಪರೀಕ್ಷೆ, ಜೊತೆಗೆ ಕಸುಬಿನ ಪರೀಕ್ಷೆ ಪಾಸಾಗಿ ಕೆಲಸ ಕೊಡುವ ಸಂಸ್ಥೆ ಸಿಕ್ಕರೆ ಮೊದಲ ದಿನದಿಂದ ಪೂರ್ತಿ ಪಗಾರ. ವೃದ್ಧರ ಆರೈಕೆ, ಕೃಷಿ, ಕಟ್ಟಡ, ಕಾರ್ಖಾನೆ ಕೆಲಸ ಎಲ್ಲ ಇದರಲ್ಲಿವೆ. ಮೊದಲ ಹಂತದಲ್ಲಿ ಐದು ವರ್ಷದ ಮಿತಿ ಇದೆ, ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಕುಪವಾಡದ ಎಂಐಡಿಸಿಯಲ್ಲಿ ದುಡಿಯುವ ಐಟಿಐ ಹುಡುಗನಿಗೆ, ದ್ರಾಕ್ಷಿ ತೋಟದ ಕೆಲಸ ಬಲ್ಲವನಿಗೆ ಶಾಲೆಯ ಶುಲ್ಕ ಕಟ್ಟುವ ಮೊದಲು ನೋಡಬೇಕಾದ ದಾರಿ ಇದು.

ಮಿರಜದ ನರ್ಸಿಂಗ್ ಓದಿದ ಹೆಣ್ಣುಮಕ್ಕಳ ವಿಚಾರ ಬೇರೆ. ಡಾ. ವಾನ್ಲೆಸ್ 1890ರ ದಶಕದಲ್ಲಿ ಮಿಶನ್ ಆಸ್ಪತ್ರೆ ತೆಗೆದಂದಿನಿಂದ ಬೆಳಗಾವಿ, ವಿಜಯಪುರ, ಬಾಗಲಕೋಟೆ ಕಡೆಯ ರೋಗಿಗಳಿಗೆ ಮಿರಜ ಅಂದರೆ ದವಾಖಾನೆ. ಇಲ್ಲಿ ಜಿಎನ್ಎಂ ಮುಗಿಸಿದವರು ಜಪಾನಿಗೆ ಹೋದರೆ ನರ್ಸ್ ಎನಿಸಿಕೊಳ್ಳುವುದಿಲ್ಲ. ಅಲ್ಲಿಯ ರಾಷ್ಟ್ರೀಯ ಪರೀಕ್ಷೆಯನ್ನು ಜಪಾನಿಯಲ್ಲೇ ಬರೆದು ಪಾಸಾಗದೆ ಇಂಜೆಕ್ಷನ್ ಸಿರಿಂಜು ಮುಟ್ಟುವಂತಿಲ್ಲ. ಸಿಗುವುದು ಮುದುಕರಿಗೆ ಸ್ನಾನ ಮಾಡಿಸುವ, ಉಣಿಸುವ, ಮಗ್ಗುಲು ಬದಲಿಸುವ ಆರೈಕೆಯ ಕೆಲಸ. ಅದು ಕೀಳಲ್ಲ, ಆದರೆ 'ನರ್ಸ್ ನೌಕರಿ' ಎಂದು ನಂಬಿಸಿ ಕಳಿಸಿದರೆ ಮೋಸ. ಇದೇ ಕ್ಷೇತ್ರದಲ್ಲಿ ಭಾಷಾ ಶಾಲೆಗೂ ಅರ್ಥವಿದೆ. ಭಾಷೆ ಕಲಿತು, ಆರೈಕೆಯ ಎರಡು ವರ್ಷದ ಕೋರ್ಸ್ ಮುಗಿಸಿ 'ಕಾಯಿಗೊ ಫುಕುಶಿಶಿ' ಎಂಬ ಮಾನ್ಯತೆ ಪಡೆದವರಿಗೆ 2017ರಿಂದ ಪ್ರತ್ಯೇಕ ವೀಸಾ ಇದೆ. ಅದನ್ನು ಮತ್ತೆ ಮತ್ತೆ ಮುಂದುವರಿಸಬಹುದು, ಕುಟುಂಬವನ್ನೂ ಕರೆಸಿಕೊಳ್ಳಬಹುದು. ಐದು ವರ್ಷ ಅದೇ ಕೆಲಸದಲ್ಲಿ ದುಡಿದರೆ ಮನ್ನಾ ಆಗುವ ಕಲಿಕಾ ಸಾಲವೂ ಅಲ್ಲಿದೆ. 2024ರಲ್ಲಿ ಜಪಾನಿನಲ್ಲಿ ಹುಟ್ಟಿದ ಜಪಾನಿ ಮಕ್ಕಳ ಸಂಖ್ಯೆ 7 ಲಕ್ಷಕ್ಕಿಂತ ಕೆಳಗಿಳಿಯಿತು. ಮುದುಕರನ್ನು ನೋಡುವ ಕೈಗಳು ಅವರಿಗೆ ಬೇಕೇ ಬೇಕು.

ಇನ್ನು ಬಿಕಾಂ, ಬಿಇ ಪದವೀಧರರು. ಪದವಿ ಇದ್ದವರಿಗೆ ಕಚೇರಿ, ಎಂಜಿನಿಯರಿಂಗ್ ಕೆಲಸದ ವೀಸಾ ಸಿಗಬಲ್ಲದು. ಕಂಪನಿಗಳು ಸಾಮಾನ್ಯವಾಗಿ ಕೇಳುವುದು ಎನ್2 ಆಸುಪಾಸಿನ ಭಾಷೆ. ಪುಣೆಯಲ್ಲಿ ಜಪಾನಿ ಕಲಿಕೆ ದಶಕಗಳಿಂದ ಬೇರೂರಿದೆ. ತಿಳಕ ಮಹಾರಾಷ್ಟ್ರ ವಿದ್ಯಾಪೀಠದಲ್ಲಿ ಅದಕ್ಕೆ ವಿಭಾಗವೇ ಇದೆ. ಪುಣೆಯಲ್ಲಿ ಓದಿ ಜಪಾನಿಗೆ ಹೋದ ಯೋಗೇಂದ್ರ ಪುರಾಣಿಕ್ 2019ರಲ್ಲಿ ಟೋಕಿಯೋದ ಎದೊಗಾವಾ ವಾರ್ಡ್ ಸಭೆಗೆ ಆರಿಸಿ ಬಂದರು. ಆದರೆ ಆ ಹೊತ್ತಿಗೆ ಅವರು ಆ ದೇಶದ ಪೌರತ್ವ ಪಡೆದು, ಹಲವಾರು ವರ್ಷ ಅಲ್ಲಿ ದುಡಿದಿದ್ದರು ಎಂಬುದನ್ನು ಮರೆಯಬಾರದು. ಮಿರಜ ಜಂಕ್ಷನ್‌ನಿಂದ ರಾತ್ರಿ ರೈಲು ಹತ್ತಿ ಪುಣೆಗೆ ಹೋಗಿ ಎನ್4, ಎನ್3 ಇಲ್ಲೇ ಮುಗಿಸಿದವನು ಅಲ್ಲಿ ಎರಡು ವರ್ಷದ ಬದಲು ಒಂದೇ ವರ್ಷದ ಶುಲ್ಕ ಕಟ್ಟಿದರೆ ಸಾಕಾಗಬಹುದು. ಉಳಿಯುವುದು ನಾಲ್ಕೂವರೆ ಲಕ್ಷ.

ಕಾನೂನಿನ ಸಂದು

ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜಂಟರು 1983ರ ವಲಸೆ ಕಾಯ್ದೆಯಡಿ ನೋಂದಣಿ ಮಾಡಿಸಲೇಬೇಕು. ಆದರೆ 'ಓದಲು ಕಳಿಸುತ್ತೇವೆ' ಎನ್ನುವ ಕನ್ಸಲ್ಟನ್ಸಿಗಳು ಈ ಕಾಯ್ದೆಯ ಹಿಡಿತಕ್ಕೆ ಬರುವುದಿಲ್ಲ. ಕೆಲಸದ ಆಸೆ ತೋರಿಸಿ ಓದಿನ ವೀಸಾ ಮಾರಲು ಇದಕ್ಕಿಂತ ಸಲೀಸು ಸಂದು ಬೇಕೇ? ಜಪಾನ್ ತನ್ನ ಕಡೆಯಿಂದ 2024ರ ಏಪ್ರಿಲ್‌ನಲ್ಲಿ ಭಾಷಾ ಶಾಲೆಗಳ ಮಾನ್ಯತೆಗೆ ಹೊಸ ಕಾನೂನು ಜಾರಿಗೆ ತಂದಿದೆ. ಹಳೆಯ ಶಾಲೆಗಳಿಗೆ 2029ರ ಮಾರ್ಚ್‌ವರೆಗೆ ಕಾಲಾವಕಾಶವಿದೆ. ಆದ್ದರಿಂದ ಸೇರುವ ಶಾಲೆ ಹೊಸ ಮಾನ್ಯತೆ ಪಡೆದಿದೆಯೇ ಎಂದು ಕೇಳುವ ಹಕ್ಕು ಪಾಲಕರಿಗಿದೆ. ಶುಲ್ಕವನ್ನು ಏಜಂಟನ ಕೈಗೆ ಕೊಡದೆ ಬ್ಯಾಂಕಿನ ಮೂಲಕ ಶಾಲೆಯ ಖಾತೆಗೇ ಕಳಿಸಬೇಕು. ವೀಸಾ ಸಿಗದಿದ್ದರೆ ಎಷ್ಟು ವಾಪಸ್ ಎಂಬುದು ಬರಹದಲ್ಲಿರಬೇಕು.

ಅಲ್ಲಿಯ ಗಾಳಿಯೂ ಬದಲಾಗುತ್ತಿದೆ. 2025ರ ಜುಲೈನ ಮೇಲ್ಮನೆ ಚುನಾವಣೆಯಲ್ಲಿ 'ಜಪಾನಿಯರೇ ಮೊದಲು' ಎಂದ ಸಾನ್ಸೆಯಿತೊ ಪಕ್ಷ 14 ಸ್ಥಾನ ಗೆದ್ದಿತು. ಅದೇ ವರ್ಷ ಫೆಬ್ರವರಿಯಲ್ಲಿ ಬೆಳಗಾವಿಯ ಕಂಡಕ್ಟರ್ ಮೇಲಿನ ಹಲ್ಲೆಯಿಂದ ಎರಡೂ ರಾಜ್ಯಗಳ ನಡುವೆ ಬಸ್ಸು ನಿಂತಿದ್ದನ್ನು ಕಂಡ ಮಿರಜ, ಜತ್ತದ ಜನರಿಗೆ 'ನಮ್ಮ ಭಾಷೆ ಬರ್ತದೇನು?' ಎಂಬ ಪ್ರಶ್ನೆಯ ಬಿಸಿ ಗೊತ್ತೇ ಇದೆ. ಜಪಾನಿನಲ್ಲಿ ಆ ಪ್ರಶ್ನೆಗೆ ಉತ್ತರ ಕೊಡುವಷ್ಟು ಭಾಷೆ ಕಟ್ಟಿಕೊಂಡೇ ವಿಮಾನ ಹತ್ತುವುದು ಲೇಸು.

ಏಪ್ರಿಲ್ ತರಗತಿಗೆ ಹೋಗುವವರ ಕಾಗದಪತ್ರ ಹಿಂದಿನ ಅಕ್ಟೋಬರ್, ನವೆಂಬರ್ ಹೊತ್ತಿಗೆ ಶಾಲೆ ತಲುಪಿರಬೇಕು. ಅರ್ಹತಾ ಪ್ರಮಾಣಪತ್ರದ ಫಲಿತಾಂಶ ಬರುವುದು ಫೆಬ್ರವರಿ ಕೊನೆಗೆ ಅಥವಾ ಮಾರ್ಚ್‌ನಲ್ಲಿ. ಜತ್ತದ ಕಡೆ ದ್ರಾಕ್ಷಿ ಕೊಯ್ದು ಒಣಗಿಸಿ ಮಣೂಕ ಮಾಡುವ ಹೊತ್ತು ಅದು. ಸೊಸಾಯಟಿ ಸಾಲದ ಕಂತು ಮಾರ್ಚ್ 31ಕ್ಕೆ, ಜಪಾನಿನ ಶುಲ್ಕದ ಗಡುವೂ ಅದೇ ದಿನಗಳಲ್ಲಿ ಬಂದು ನಿಲ್ಲುತ್ತದೆ. ಸಾತಬಾರಾ ಉತಾರೆ ಕೈಯಲ್ಲಿ ಹಿಡಿದು ಪತ್ತಿನ ಸಂಘದ ಮೆಟ್ಟಿಲು ಹತ್ತುವ ಮೊದಲು, ಮಗ ಎನ್4 ಪರೀಕ್ಷೆಯಲ್ಲಿ ಎಷ್ಟು ಅಂಕ ತಂದಿದ್ದಾನೆ ಎಂದು ತಂದೆ ಒಮ್ಮೆ ಕೇಳಬೇಕು.