ಮ್ಯಾಚ್ ತಪ್ಪಿದ ಸ್ವಾಮಿ

ನಮ್ಮ ನಜರ್‌ಬಾದಿನಲ್ಲಿ ಚಾಮುಂಡಿ ವಿಹಾರ ಕ್ರೀಡಾಂಗಣವೇ ಇದೆ, ಆಟಕ್ಕೇನು ಬರ? ಬರ ಇರೋದು ಟೀವಿ ಧಾರಾವಾಹಿಗಳ ಮನೆಯಲ್ಲಿ! ಅಲ್ಲಿ ಅತ್ತೆ-ಸೊಸೆ ಜಗಳಕ್ಕೆ ಜಾಗ ಇದೆ, ಚೆಂಡಿಗಿಲ್ಲ. ಅದಕ್ಕೇ ಶಂಕರ್‌ನಾಗ್ ಅವರ ‘ಮಾಲ್ಗುಡಿ ಡೇಸ್’ ನನಗೆ ಮತ್ತೆ ಮತ್ತೆ ನೆನಪಾಗುತ್ತೆ. ಗಿರೀಶ್ ಕಾರ್ನಾಡ್ ಅಪ್ಪ, ವೈಶಾಲಿ ಕಾಸರವಳ್ಳಿ ಅಮ್ಮ, ಮಾಸ್ಟರ್ ಮಂಜುನಾಥ್ ಮಗ ಸ್ವಾಮಿ. ಕ್ರಿಕೆಟ್ ಹುಚ್ಚು ಒಬ್ಬನಿಗೆ, ತಲೆನೋವು ಮನೆಮಂದಿಗೆಲ್ಲ!

1987ರಲ್ಲಿ ಪಕ್ಕದ ಮನೆ ಟೀವಿ ಮುಂದೆ ನಾನೂ ಅಪ್ಪನೂ ಕೂತಿದ್ದೆವು. ಕಾಡಲ್ಲಿ ದಾರಿ ತಪ್ಪಿದ ಸ್ವಾಮಿಗೆ ಮ್ಯಾಚೇ ತಪ್ಪಿಹೋಯ್ತು. ‘ಪಾಪ, ಹುಡುಗನ್ನ ಆಡೋಕೆ ಬಿಡಬಾರದಿತ್ತಾ?’ ಅಂದರು ಅಪ್ಪ. ನನ್ನ ಬ್ಯಾಟನ್ನು ಅಟ್ಟಕ್ಕೆ ಹಾಕಿದವರೂ ಅವರೇ ಸ್ವಾಮೀ! ಕೇಳೋಣ ಅಂತ ಬಾಯಿ ತೆಗೆದೆ. ಅಷ್ಟರಲ್ಲಿ ಚಪ್ಪಲಿ ಮೆಟ್ಟಿ ಹೊರಟೇಬಿಟ್ಟಿದ್ದರು.