ಕೊನೇ ರೀಲು ಬದಲಾಯಿಸಿ ಅಂದವರು

ಈ ಅಂಕಣಕ್ಕೆ ಬರುವ ಕಾಗದಗಳಲ್ಲಿ ಮುಕ್ಕಾಲು ಪಾಲು ಜಗಳದ್ದೇ. ನಮ್ಮ ಹೀರೋ ಫೋಟೋ ಯಾಕೆ ಸಣ್ಣದಾಗಿ ಹಾಕಿದ್ರಿ, ಅವರ ಹೀರೋದು ಯಾಕೆ ನಡುಪುಟದಲ್ಲಿ ಬಂತು, ಎಷ್ಟು ದುಡ್ಡು ತಿಂದಿದ್ದೀರಿ... ಇಂಥವೇ. ಓದ್ತೀನಿ, ನಗ್ತೀನಿ, ಗೋಣಿಚೀಲಕ್ಕೆ ಹಾಕ್ತೀನಿ. ಆದರೆ ಹೋದ ತಿಂಗಳು ಬಂದ ಒಂದು ಕಾಗದ ಹಾಗಿರಲಿಲ್ಲ. ಹೆಸರಿಲ್ಲ, ಊರಿಲ್ಲ. ನೋಟ್‌ಬುಕ್ಕಿನಿಂದ ಹರಿದ ಹಾಳೆ, ದುಂಡಗಿನ ಅಕ್ಷರ.

"ಸಾರ್, ನಾನು ಅಂಥವನಲ್ಲ. ಆದರೂ ಕೇಳ್ತಿದ್ದೀನಿ. ಬ್ರೋಕ್‌ಬ್ಯಾಕ್ ಮೌಂಟನ್ ಅನ್ನೋ ಇಂಗ್ಲಿಷ್ ಪಿಕ್ಚರನ್ನ ಮೊಬೈಲಿನಲ್ಲಿ ನೋಡಿದೆ. ಆ ಜ್ಯಾಕನ್ನ ಯಾಕೆ ಸಾಯಿಸಿದ್ರು? ಇಬ್ಬರನ್ನೂ ಒಟ್ಟಿಗೆ ಇಡಬಹುದಿತ್ತಲ್ಲ? ನಾನಾಗಿದ್ದರೆ ಕೊನೇ ರೀಲು ಬೇರೆ ಥರ ಮಾಡ್ತಿದ್ದೆ." ಇಷ್ಟು ಬರೆದು, ಕೆಳಗೆ ಆ ಬೇರೆ ಥರದ ಕೊನೇ ರೀಲನ್ನೂ ಬರೆದಿದ್ದ. ಒಂದೂವರೆ ಪುಟ!

ನಿಜ ಹೇಳ್ತೀನಿ, ಮೊದಲು ನಗು ಬಂತು. ಸಂಜೆ ಬಸ್‌ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ನಮ್ಮ ಪಟಾಲಮ್ಮು ಸೇರಿದಾಗ ಕಾಗದವನ್ನು ಜೇಬಿನಿಂದ ತೆಗೆದು ಗಟ್ಟಿಯಾಗಿ ಓದಿದೆ. "ನಾನು ಅಂಥವನಲ್ಲ" ಅನ್ನೋ ಸಾಲಿಗೆ ಎಲ್ಲರೂ ಬಿದ್ದು ಬಿದ್ದು ನಕ್ಕರು. ಒಬ್ಬ ಮಾತ್ರ ನಗಲಿಲ್ಲ. ಅರ್ಧ ಕುಡಿದ ಗ್ಲಾಸು ಕೆಳಗಿಟ್ಟು, "ಬಸ್ಸು ಬಂತು ಕಣ್ರೋ" ಅಂತ ಎದ್ದುಹೋದ. ಬಂದಿದ್ದ ಬಸ್ಸು ಅವನ ಊರಿನದಲ್ಲ. ಅದು ಅವನಿಗೂ ಗೊತ್ತು, ನನಗೂ ಗೊತ್ತು. ನಾನು ಕರೆಯಲಿಲ್ಲ.

ಆಮೇಲೆ ಆ ಕಾಗದವನ್ನು ಗೋಣಿಚೀಲಕ್ಕೆ ಹಾಕೋಕೆ ಕೈ ಬರಲಿಲ್ಲ. ಪಿಕ್ಚರು ಇನ್ನೊಂದು ಸಲ ನೋಡಿದೆ. ಅದರ ಮೂಲ ಕಥೆಯನ್ನು ಹುಡುಕಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದಿದೆ. ಆಗ ತಿಳಿದದ್ದು ಏನಪ್ಪಾ ಅಂದರೆ, ನಮ್ಮ ಹುಡುಗ ಬರೆದಂಥ ಕಾಗದ ಪ್ರಪಂಚದಲ್ಲಿ ಮೊದಲನೆಯದಲ್ಲ. ಇಂಥವೇ ಬಂದು ಬಂದು, ಕಥೆ ಬರೆದಾಕೆ 'ಅಯ್ಯೋ, ಇದನ್ನು ಬರೆಯಲೇಬಾರದಿತ್ತು' ಅನ್ನುವಷ್ಟು ಬೇಸತ್ತುಹೋಗಿದ್ದರು!

* * *

ಆಕೆಯ ಹೆಸರು ಆನಿ ಪ್ರೂ. ಅಮೆರಿಕದವರು. 1994ರಲ್ಲೇ ಕಾದಂಬರಿಗೆ ಪುಲಿಟ್ಜರ್ ಬಹುಮಾನ ಪಡೆದವರು. 1997ರ ಅಕ್ಟೋಬರಿನಲ್ಲಿ 'ದಿ ನ್ಯೂಯಾರ್ಕರ್' ವಾರಪತ್ರಿಕೆಯಲ್ಲಿ ಈ ಕಥೆ ಅಚ್ಚಾದಾಗ ಆಕೆಗೆ 62 ವರ್ಷ. ಇಬ್ಬರು ಗಂಡಸರ ಪ್ರೀತಿಯ ಕಥೆಯನ್ನು ಈ ವಯಸ್ಸಿನ ಹೆಂಗಸು ಬರೆದರಾ ಅಂತ ನಿಮಗೆ ಆಶ್ಚರ್ಯ ಆಗಬಹುದು. ನನಗೂ ಆಯ್ತು.

ನೋಡದವರಿಗೆ ಕಥೆ ಹೇಳಿಬಿಡ್ತೀನಿ. 1963ರ ಬೇಸಿಗೆ. ವಯೋಮಿಂಗ್ ಅನ್ನೋ ರಾಜ್ಯ. ಬೆಟ್ಟ, ಹುಲ್ಲು, ಗಾಳಿ. ಎನಿಸ್ ಡೆಲ್ ಮಾರ್, ಜ್ಯಾಕ್ ಟ್ವಿಸ್ಟ್ ಅನ್ನೋ ಇಬ್ಬರು ಹುಡುಗರು. ಇಬ್ಬರಿಗೂ ಇನ್ನೂ ಇಪ್ಪತ್ತು ತುಂಬಿಲ್ಲ, ಜೇಬಿನಲ್ಲಿ ಕಾಸಿಲ್ಲ. ಬೆಟ್ಟದ ಮೇಲೆ ಕುರಿ ಕಾಯೋ ಕೆಲಸಕ್ಕೆ ಸೇರ್ತಾರೆ. ಕೌಬಾಯ್ ಅಂದರೆ ನಮಗೆ ಗೊತ್ತಿರೋದು ಟೋಪಿ, ಕುದುರೆ, ಢಂ ಢಂ ಪಿಸ್ತೂಲು. ಇಲ್ಲಿ ಟೋಪಿ ಇದೆ, ಕುದುರೆ ಇದೆ, ಆದರೆ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರೀತಿ ಹುಟ್ಟಿಬಿಡ್ತದೆ. ಬೆಟ್ಟ ಇಳಿದ ಮೇಲೆ ಅವನ ದಾರಿ ಅವನಿಗೆ, ಇವನ ದಾರಿ ಇವನಿಗೆ. ಇಬ್ಬರಿಗೂ ಮದುವೆ, ಮಕ್ಕಳು. ನಾಲ್ಕು ವರ್ಷ ಕಳೆದು ಮತ್ತೆ ಭೇಟಿ. ಆಮೇಲೆ ಮೀನು ಹಿಡಿಯೋಕೆ ಹೋಗ್ತೀವಿ ಅಂತ ಮನೆಯಲ್ಲಿ ಸುಳ್ಳು ಹೇಳಿ, ವರ್ಷಕ್ಕೆ ಒಂದೆರಡು ಸಲ ಕಾಡಿನಲ್ಲಿ ಸೇರ್ತಾರೆ.

ಜ್ಯಾಕ್ ಕೇಳ್ತಾನೆ: ಇಬ್ಬರೂ ಸೇರಿ ಒಂದು ಜಮೀನು ಮಾಡಿ, ದನ ಕಟ್ಟಿಕೊಂಡು ಒಟ್ಟಿಗೆ ಇರೋಣವಾ? ಎನಿಸ್ ಆಗಲ್ಲ ಅಂತಾನೆ. ಯಾಕೆ? ಅವನು ಒಂಬತ್ತು ವರ್ಷದ ಹುಡುಗನಾಗಿದ್ದಾಗ ಅವರಪ್ಪ ಕೈಹಿಡಿದು ಕರಕೊಂಡು ಹೋಗಿ ಒಂದು ಹೆಣ ತೋರಿಸಿದ್ದ. ಇನ್ನೊಬ್ಬ ಗಂಡಸಿನ ಜೊತೆ ಬಾಳ್ವೆ ಮಾಡಿದ ತಪ್ಪಿಗೆ ಜನ ಬಡಿದು ಕೊಂದಿದ್ದ ಮುದುಕನ ಹೆಣ. ಅಪ್ಪನದೂ ಅದರಲ್ಲಿ ಕೈಯಿದ್ದರೆ ಇರಬಹುದು ಅಂತ ಎನಿಸ್‌ಗೆ ಗುಮಾನಿ. ಆ ಹೆದರಿಕೆ ಎದೆಯಲ್ಲಿ ಕೂತುಬಿಟ್ಟಿದೆ. ಹೀಗೇ ಇಪ್ಪತ್ತು ವರ್ಷ ಕಳೀತದೆ. ಒಂದು ದಿನ ಅವನು ಜ್ಯಾಕ್‌ಗೆ ಹಾಕಿದ ಕಾರ್ಡು 'ಮೃತ' ಅಂತ ಮುದ್ರೆ ಒತ್ತಿಸಿಕೊಂಡು ವಾಪಸು ಬರ್ತದೆ. ಟೈರು ಸಿಡಿದು ಸತ್ತ ಅಂತಾಳೆ ಜ್ಯಾಕ್ ಹೆಂಡತಿ. ಜನ ಹೊಡೆದು ಸಾಯಿಸಿರಬೇಕು ಅನ್ನುತ್ತೆ ಎನಿಸ್‌ನ ಮನಸ್ಸು. ಯಾವುದು ನಿಜ ಅಂತ ಕಥೆ ಕೊನೆಯವರೆಗೂ ಹೇಳಲ್ಲ.

ಕಥೆ ಅಚ್ಚಾಗಿ ತೆರೆಗೆ ಬರೋಕೆ ಎಂಟು ವರ್ಷ ಬೇಕಾಯ್ತು. ಡಯಾನಾ ಒಸಾನಾ ಅನ್ನೋ ಲೇಖಕಿ ವಾರಪತ್ರಿಕೆಯಲ್ಲಿ ಓದಿ, ಲ್ಯಾರಿ ಮೆಕ್‌ಮರ್ಟ್ರಿ ಜೊತೆ ಸೇರಿ ತಮ್ಮದೇ ದುಡ್ಡು ಕೊಟ್ಟು ಹಕ್ಕು ಪಡೆದು ಚಿತ್ರಕಥೆ ಬರೆದರು. ತೈವಾನಿನ ಆಂಗ್ ಲೀ ಡೈರೆಕ್ಟ್ ಮಾಡಿದರು. ಎನಿಸ್ ಆಗಿದ್ದು ಹೀತ್ ಲೆಡ್ಜರ್. ಅದೇ ಕಣ್ರೀ, ಬ್ಯಾಟ್‌ಮನ್ ಪಿಕ್ಚರಿನಲ್ಲಿ ಜೋಕರ್ ಆಗಿ ಮೈ ನಡುಗಿಸಿದನಲ್ಲ, 2008ರ ಜನವರಿಯಲ್ಲಿ 28ನೇ ವಯಸ್ಸಿಗೇ ತೀರಿಕೊಂಡನಲ್ಲ, ಅವನೇ. ಜ್ಯಾಕ್ ಆದದ್ದು ಜೇಕ್ ಜಿಲೆನ್‌ಹಾಲ್. ಸುಮಾರು 1 ಕೋಟಿ 40 ಲಕ್ಷ ಡಾಲರ್ ಖರ್ಚಿನ ಪಿಕ್ಚರು ಪ್ರಪಂಚದಾದ್ಯಂತ 17 ಕೋಟಿ ಡಾಲರ್ ದಾಟಿ ಬಾಚಿತು. ಹಾಗಂತ ಎಲ್ಲ ಕಡೆ ಹೂವಿನ ಹಾರ ಬಿತ್ತು ಅಂದ್ಕೋಬೇಡಿ. 2006ರ ಜನವರಿಯಲ್ಲಿ ಯೂಟಾ ರಾಜ್ಯದ ಒಂದು ಥಿಯೇಟರು, ಜಾಹೀರಾತು ಕೊಟ್ಟ ಮೇಲೂ ಷೋ ಹಾಕದೆ ಪಿಕ್ಚರು ಎತ್ತಿಬಿಟ್ಟಿತು. ಚೀನಾದ ಥಿಯೇಟರುಗಳಿಗಂತೂ ಬರಲೇ ಇಲ್ಲ. ನಮ್ಮಲ್ಲೇನು ಕಮ್ಮಿ? 1998ರ ಡಿಸೆಂಬರಿನಲ್ಲಿ ಮುಂಬೈನಲ್ಲಿ 'ಫೈರ್' ಚಿತ್ರಕ್ಕೆ ಗಾಜು ಒಡೆದದ್ದು ಮರೆಯೋ ಹಾಗಿಲ್ಲ.

2006ರ ಮಾರ್ಚ್ 5ರ ಆಸ್ಕರ್ ರಾತ್ರಿ ಎಂಟು ನಾಮಕರಣವಿತ್ತು. ನಿರ್ದೇಶನ, ಚಿತ್ರಕಥೆ, ಸಂಗೀತ, ಮೂರು ಬಂತು. ಅತ್ಯುತ್ತಮ ಚಿತ್ರ ಮಾತ್ರ 'ಕ್ರ್ಯಾಶ್' ಪಾಲಾಯ್ತು. ಅಭಿಮಾನಿಗಳಿಗೆ ಹೊಟ್ಟೆ ಉರಿದುಹೋಯ್ತು. ಏನು ಮಾಡಿದರು ಗೊತ್ತೇ? ಕಲ್ಲು ಹೊಡೆಯಲಿಲ್ಲ, ಬಸ್ಸು ನಿಲ್ಲಿಸಲಿಲ್ಲ. ತಾವೇ ಚಂದಾ ಎತ್ತಿ, ಹಾಲಿವುಡ್ಡಿನ 'ವೆರೈಟಿ' ಪತ್ರಿಕೆಯಲ್ಲಿ ಇಡೀ ಪುಟದ ಜಾಹೀರಾತು ಹಾಕಿಸಿ ಚಿತ್ರತಂಡಕ್ಕೆ ಥ್ಯಾಂಕ್ಸ್ ಹೇಳಿದರು! ಕಟೌಟು ನಿಲ್ಲಿಸೋ ನಮ್ಮ ಹುಡುಗರಿಗೆ ಇದು ಚೆನ್ನಾಗಿ ಅರ್ಥ ಆಗ್ತದೆ.

* * *

ಈಗ ಕಾಗದಗಳ ವಿಷಯಕ್ಕೆ ಬರೋಣ. ಆನಿ ಪ್ರೂಗೆ ಬಂದದ್ದು ಎರಡು ಥರದವು.

ಮೊದಲನೇ ಥರ, ಕಥೆ ಓದಿದವರದು. ದನ ಕಾಯೋರು, ಕೌಬಾಯ್‌ಗಳು 'ಇದು ನನ್ನದೇ ಕಥೆ' ಅಂತ ಬರೆದರು. ಅಪ್ಪಂದಿರು 'ನನ್ನ ಮಗ ಏನು ಅನುಭವಿಸಿದ ಅಂತ ಈಗ ಗೊತ್ತಾಯ್ತು' ಅಂತ ಬರೆದರು. ಒಬ್ಬ ಅಪ್ಪ ಪೆನ್ನು ಹಿಡಿದು, ಗುರುತಿಲ್ಲದ ಹೆಂಗಸಿಗೆ ಇಂಥ ಮಾತು ಬರೆಯೋದು ಅಂದರೆ ಸಣ್ಣ ವಿಷಯವೇ? ಮಗನ ಹತ್ತಿರ ಹೇಳಲಾಗದ್ದನ್ನು ಲೇಖಕಿಗೆ ಹೇಳಿಕೊಂಡಿರಬೇಕು ಪಾಪ.

ಎರಡನೇ ಥರ, ಪಿಕ್ಚರು ಬಂದ ಮೇಲಿನದು. ಇವು ಬರೀ ಕಾಗದ ಅಲ್ಲ, ಕಥೆಗೆ ಕಥೆಯೇ! ಜ್ಯಾಕ್ ಸತ್ತ ಮೇಲೆ ಎನಿಸ್‌ಗೆ ಇನ್ನೊಬ್ಬ ಸಿಕ್ಕಿದ, ಇಬ್ಬರೂ ಸುಖವಾಗಿದ್ದರು ಅಂತ ತಿದ್ದಿ ತಿದ್ದಿ ಕಳಿಸಿದರು. ಕಳಿಸಿದವರಲ್ಲಿ ಗಂಡಸರೇ ಹೆಚ್ಚು. ಮತ್ತೆ ಮೊದಲ ಸಾಲು ಏನು ಗೊತ್ತೇ? 'ನಾನು ಅಂಥವನಲ್ಲ, ಆದರೆ...' ನಮ್ಮ ಹುಡುಗನದೇ ಸಾಲು! ವಯೋಮಿಂಗಿಗೂ ನಮ್ಮ ನೋಟ್‌ಬುಕ್ಕಿನ ಹಾಳೆಗೂ ಏನು ಸಂಬಂಧ ಹೇಳಿ?

2009ರಲ್ಲಿ 'ಪ್ಯಾರಿಸ್ ರಿವ್ಯೂ'ಗೆ ಕೊಟ್ಟ ಸಂದರ್ಶನದಲ್ಲಿ ಆಕೆ ಸಿಡಿದುಬಿದ್ದರು. ಈ ಕಥೆಯಿಂದ ತಲೆನೋವೇ ತಲೆನೋವು, ಬರೆಯದೇ ಇದ್ದಿದ್ದರೆ ಚೆನ್ನಾಗಿತ್ತು ಅಂದರು. ಮುಖ್ಯವಾದ ಮಾತು ಇನ್ನೊಂದು. ಈ ಕಥೆ ಎನಿಸ್ ಮತ್ತು ಜ್ಯಾಕ್‌ದು ಅಂತ ಜನ ತಿಳಿದುಬಿಟ್ಟಿದ್ದಾರೆ, ಅದು ನಿಜವಾಗಿ ಅಂಥವರನ್ನು ದ್ವೇಷಿಸೋ ಒಂದು ಜಾಗದ ಕಥೆ, ಅಲ್ಲಿನ ಜನರ ಮನಸ್ಸಿನ ಕಥೆ ಅನ್ನೋದು ಆಕೆಯ ವಾದ. ಆಕೆ ಗಾಳಿಯಲ್ಲಿ ಗುದ್ದಿದ್ದಲ್ಲ. ಕಥೆ ಅಚ್ಚಾದ ಮರುವರ್ಷ, 1998ರ ಅಕ್ಟೋಬರಿನಲ್ಲಿ, ಅದೇ ವಯೋಮಿಂಗಿನ ಲ್ಯಾರಮಿ ಊರಲ್ಲಿ ಮ್ಯಾಥ್ಯೂ ಶೆಪರ್ಡ್ ಅನ್ನೋ 21 ವರ್ಷದ ವಿದ್ಯಾರ್ಥಿಯನ್ನು ಬೇಲಿಗೆ ಕಟ್ಟಿ ಹೊಡೆದು ಬಿಟ್ಟುಹೋದರು. ಆಸ್ಪತ್ರೆಯಲ್ಲಿ ಸತ್ತ. ಅವನೂ 'ಅಂಥವನೇ' ಆಗಿದ್ದ. ದ್ವೇಷದ ಅಪರಾಧಕ್ಕೆ ಅವನ ಹೆಸರಿನ ಕಾನೂನು ಬರೋಕೆ 2009ರವರೆಗೆ ಕಾಯಬೇಕಾಯ್ತು.

ನಮ್ಮ 'ನಾಗರಹಾವು' ನೆನಪು ಮಾಡ್ಕೊಳ್ಳಿ. 1972ರದು. ನಾನು ಹುಟ್ಟೋಕೆ ಎಷ್ಟೋ ಮೊದಲಿನದು, ಟೀವಿಯಲ್ಲಿ ಹತ್ತು ಸಲ ನೋಡಿದ್ದೀನಿ. ತರಾಸು ಕಾದಂಬರಿಯನ್ನು ಪುಟ್ಟಣ್ಣ ತೆರೆಗೆ ತಂದ ರೀತಿಗೆ ತರಾಸು ಮುನಿಸಿಕೊಂಡದ್ದು ಗಾಂಧಿನಗರದ ಹಳೇ ಕಥೆ. ಆನಿ ಪ್ರೂದು ತದ್ವಿರುದ್ಧ: ಪಿಕ್ಚರನ್ನು ಹೊಗಳಿದರು, ಜಗಳ ಆಡಿದ್ದು ನೋಡಿದವರ ಜೊತೆ! ಇರಲಿ. ರಾಮಾಚಾರಿ, ಮಾರ್ಗರೆಟ್ ದುರ್ಗದ ಬೆಟ್ಟದಿಂದ ಬಿದ್ದು ಸಾಯ್ತಾರಲ್ಲ, ಕೊಂದದ್ದು ಬೆಟ್ಟವಾ? ಅಲ್ಲ. ಊರು. ಅಷ್ಟು ನಮಗೆ ಅರ್ಥ ಆಗಿದೆ. ಆದರೆ ಇಬ್ಬರೂ ಗಂಡಸರಾದರೆ ಯಾಕೋ ಅರ್ಥ ಆಗಲ್ಲ, ನಗು ಬರ್ತದೆ.

ಹಾಗಾದರೆ ಸುಖಾಂತ ಬರೆಯೋದೇ ತಪ್ಪಾ? ಅದಕ್ಕೂ ಒಂದು ಕಥೆ ಇದೆ. ಇಂಗ್ಲೆಂಡಿನ ಇ. ಎಂ. ಫಾರ್ಸ್ಟರ್ ಗೊತ್ತಲ್ಲ, 'ಎ ಪ್ಯಾಸೇಜ್ ಟು ಇಂಡಿಯಾ' ಬರೆದವರು. 1914ರಲ್ಲೇ 'ಮಾರಿಸ್' ಅನ್ನೋ ಕಾದಂಬರಿ ಬರೆದು, ಇಬ್ಬರು ಗಂಡಸರನ್ನು ಕೊನೆಗೆ ಒಂದು ಮಾಡಿದರು. ಸುಖಾಂತ ಆಗಲೇಬೇಕು ಅನ್ನೋದು ಅವರ ಹಟ. ಯಾರಾದರೊಬ್ಬ ನೇಣು ಹಾಕಿಕೊಂಡಿದ್ದರೆ ಜನ ಸುಮ್ಮನಿರ್ತಿದ್ದರು, ಸುಖವಾಗಿದ್ದಾರೆ ಅನ್ನೋದೇ ಅಪರಾಧ ಆಗಿಬಿಟ್ಟಿತು ಅಂತ ಅವರೇ ವ್ಯಂಗ್ಯವಾಡಿದ್ದಾರೆ. ಪುಸ್ತಕ ಹೊರಬಂದದ್ದು ಅವರು ತೀರಿಕೊಂಡ ಮೇಲೆ, 1971ರಲ್ಲಿ. ಪಿಕ್ಚರಾದದ್ದು 1987ರಲ್ಲಿ. ನೋಡಿ, ಸಾಯಿಸಿದರೆ ಅಚ್ಚಾಗ್ತದೆ, ಬದುಕಿಸಿದರೆ ಪೆಟ್ಟಿಗೆಯಲ್ಲಿ 57 ವರ್ಷ!

* * *

ಕಾಗದ ಬರೆದ ತಮ್ಮಾ, ಹೆಸರು, ಊರು ಇಲ್ಲದ್ದರಿಂದ ಉತ್ತರ ಇಲ್ಲೇ ಹೇಳ್ತೀನಿ.

ಕೊನೇ ರೀಲಿನಲ್ಲಿ ಅಂಗಿ ನೋಡಿದೆಯಲ್ಲ? ಜ್ಯಾಕ್ ಸತ್ತ ಮೇಲೆ ಅವನ ಮನೆಯ ಬೀರುವಿನಲ್ಲಿ ಎನಿಸ್‌ಗೆ ಎರಡು ಅಂಗಿ ಸಿಗ್ತವೆ. ಇಪ್ಪತ್ತು ವರ್ಷದ ಹಿಂದೆ ಬೆಟ್ಟದಲ್ಲಿ ಕಳೆದುಹೋಯ್ತು ಅಂದುಕೊಂಡಿದ್ದ ಎನಿಸ್‌ನ ಅಂಗಿ ಒಳಗೆ, ಅದರ ಮೇಲೆ ಜ್ಯಾಕ್‌ನ ಅಂಗಿ. ಪಿಕ್ಚರಿನ ಕೊನೆಗೆ ಎನಿಸ್ ತನ್ನ ಮನೆಯಲ್ಲಿ ತೂಗುಹಾಕಿದಾಗ ಅದಲು ಬದಲಾಗಿದೆ: ಜ್ಯಾಕ್‌ದು ಒಳಗೆ, ತನ್ನದು ಹೊರಗೆ. ಮೂಲ ಕಥೆಯಲ್ಲಿ ಈ ಅದಲು ಬದಲು ಇಲ್ಲ. ಬದುಕಿದ್ದಾಗ ಕಾಪಾಡಲಿಲ್ಲ, ಈಗ ಅಂಗಿಯಿಂದ ಮುಚ್ಚಿ ಕಾಪಾಡ್ತಿದ್ದಾನೆ. ಸಾವನ್ನು ಬದಲಾಯಿಸದೆ ಸಿನಿಮಾದವರು ಬದಲಾಯಿಸಿದ್ದು ಇಷ್ಟೇ. ಆ ಅಂಗಿಗಳನ್ನು 2006ರಲ್ಲಿ ಧರ್ಮಕಾರ್ಯಕ್ಕೆ ಹರಾಜು ಹಾಕಿದಾಗ ಒಬ್ಬ ಅಭಿಮಾನಿ 1 ಲಕ್ಷ ಡಾಲರಿಗೂ ಮೇಲೆ ಕೊಟ್ಟು ಕೊಂಡುಕೊಂಡ.

ನಿನ್ನ ಒಂದೂವರೆ ಪುಟವನ್ನು ಮತ್ತೆ ಓದಿದೆ. ಈ ಸಲ ಒಬ್ಬನೇ ಕೂತು ಓದಿದೆ. ನೀನು ಅವರಿಗೆ ಎರಡು ಎಕರೆ ಕೊಟ್ಟಿದ್ದೀಯ, ಎರಡು ಹಸು ಕೊಟ್ಟಿದ್ದೀಯ, ಭಾನುವಾರ ಸಿನಿಮಾಕ್ಕೂ ಕಳಿಸಿದ್ದೀಯ. ಕೊನೇ ಸಾಲು: "ಊರಿನವರು ಯಾರೂ ಏನೂ ಕೇಳಲಿಲ್ಲ." ಆನಿ ಪ್ರೂ ಓದಿದ್ದರೆ ಬೈತಿದ್ದರೋ ಏನೋ. ಆದರೆ ತಮ್ಮಾ, ನೀನು ಬರೀ ಜ್ಯಾಕನ್ನ ಬದುಕಿಸಲಿಲ್ಲ. ಊರನ್ನೇ ಬದಲಾಯಿಸಿದ್ದೀಯ. ಊರು ಹಾಗಿದ್ದಿದ್ದರೆ ಆಕೆ ಆ ಕಥೆ ಬರೆಯುವ ಪ್ರಮೇಯವೇ ಇರ್ತಿರಲಿಲ್ಲ.

2018ರ ಸೆಪ್ಟೆಂಬರ್ 6ರಂದು ನಮ್ಮ ಸುಪ್ರೀಂ ಕೋರ್ಟು, ಒಪ್ಪಿ ಪ್ರೀತಿಸೋ ವಯಸ್ಕರ ಮೇಲೆ 377ನೇ ಕಲಂ ಹಾಕುವ ಹಾಗಿಲ್ಲ ಅಂತ ತೀರ್ಪು ಕೊಟ್ಟಿತು. ಅದಕ್ಕೂ ಮೊದಲೇ, 2013ರಲ್ಲಿ, ನಮ್ಮ ವಸುಧೇಂದ್ರ 'ಮೋಹನಸ್ವಾಮಿ' ಬರೆದು ಕನ್ನಡದಲ್ಲೇ ಈ ಮಾತು ಆಡಿದ್ದರು. ಸಿಕ್ಕರೆ ಓದು. ಕೋರ್ಟು ಕಾನೂನು ಬದಲಾಯಿಸ್ತದೆ, ಟೀ ಅಂಗಡಿಯನ್ನು ಬದಲಾಯಿಸಲ್ಲ. ಆವತ್ತು ನಿನ್ನ ಕಾಗದ ಗಟ್ಟಿಯಾಗಿ ಓದಿದವನು ನಾನು. ನಿನ್ನ ಕೊನೇ ಸಾಲಿನ ಊರಿನವನು ನಾನಾಗಿರಲಿಲ್ಲ.

ಮೊನ್ನೆ ಆ ನನ್ನ ಸ್ನೇಹಿತ ಮತ್ತೆ ಟೀ ಅಂಗಡಿಗೆ ಬಂದ. ಪಕ್ಕದಲ್ಲಿ ಕೂತೆ. "ಆವತ್ತು ಹಾಗೆ ಓದಿದ್ದು ತಪ್ಪಾಯ್ತು ಕಣೋ" ಅಂದೆ. ಸ್ವಲ್ಪ ಹೊತ್ತು ರಸ್ತೆ ನೋಡ್ತಾ ಇದ್ದ. "ಕಾಗದ ಇಟ್ಕೊಂಡಿದ್ದೀಯಾ, ಎಸೆದ್ಯಾ?" ಅಂದ. ಇದೆ ಅಂದೆ. "ಒಂದ್ಸಲ ಕೊಡು" ಅಂದ. ನಾನು ಏನೂ ಕೇಳಲಿಲ್ಲ. ಕೊಟ್ಟೆ.

ಅದಕ್ಕೇ ತಮ್ಮಾ, ನಿನ್ನ ಕಾಗದ ಈಗ ನನ್ನ ಹತ್ತಿರ ಇಲ್ಲ. ಇನ್ನೊಂದು ಬರಿ. ಹೆಸರು ಬೇಡ, ಊರು ಬೇಡ. "ನಾನು ಅಂಥವನಲ್ಲ" ಅಂತ ಶುರು ಮಾಡೋದೂ ಬೇಡ. ಆಗಿದ್ದರೂ ಸರಿ, ಅಲ್ಲದಿದ್ದರೂ ಸರಿ. ಗಟ್ಟಿಯಾಗಿ ಓದಲ್ಲ.

ಉಳಿದವರಿಗೆ: ಫೋಟೋ ಜಗಳ ಮುಂದಿನ ವಾರ.