ಮಣ್ಣಿಗೆ ಮರಳುವ ಕಬ್ಬಿಣ

ಮುಂಗಾರಿನ ಮೊದಲ ಹದಮಳೆ ಬಿದ್ದೊಡನೆ ನಾಗಮಂಗಲದ ಕಡೆಯ ರೈತ ಹಿಂದಿನ ವರ್ಷದ ನೇಗಿಲಿನ ಗುಳವನ್ನು ಹುಡುಕುತ್ತಾನೆ. ಎಣ್ಣೆ ಸವರಿ ಅಟ್ಟದ ಮೇಲಿಟ್ಟ ಗುಳ ಇಟ್ಟಂತೆಯೇ ಇರುತ್ತದೆ. ಕೊಟ್ಟಿಗೆಯ ಮೂಲೆಯಲ್ಲಿ, ಗಂಜಲದ ತೇವದಲ್ಲಿ ಮರೆತುಬಿಟ್ಟದ್ದರ ಮೈಮೇಲೆ ಕೆಂಪು ಹಕ್ಕಳೆಗಳೆದ್ದಿರುತ್ತವೆ. ಬೆರಳು ಸೋಕಿದರೆ ಪುಡಿ ಉದುರುತ್ತದೆ. ಎರಡೂ ಒಂದೇ ಕುಲುಮೆಯಲ್ಲಿ ರೂಪುಗೊಂಡ ಕಬ್ಬಿಣ. ಒಂದು ಉಳಿದು ಇನ್ನೊಂದು ಅಳಿದದ್ದೇಕೆ?

‘ತುಕ್ಕು ಹಿಡಿಯಿತು’ ಎಂಬುದು ರೂಢಿಯ ಮಾತು. ಎಲ್ಲಿಂದಲೋ ಬಂದ ಕೊಳೆ ಲೋಹಕ್ಕೆ ಅಂಟಿಕೊಂಡಿತೆಂಬ ಭಾವನೆ ಅದರಲ್ಲಿ ಅಡಗಿದೆ. ವಾಸ್ತವವಾಗಿ ತುಕ್ಕು ಹೊರಗಿನದಲ್ಲ. ರೂಪಾಂತರ ಹೊಂದಿದ ಕಬ್ಬಿಣವೇ ಅದು. ಭೂಮಿಯಲ್ಲಿ ಕಬ್ಬಿಣ ಸಾಮಾನ್ಯವಾಗಿ ಆಮ್ಲಜನಕದೊಡನೆ ಕೂಡಿ ಅದಿರಾಗಿರುತ್ತದೆ. ಮನುಷ್ಯನು ಇದ್ದಲಿನ ಉರಿಯಲ್ಲಿ ಅದನ್ನು ಕಾಯಿಸಿ, ಆ ಕೂಟವನ್ನು ಮುರಿದು ಲೋಹವನ್ನು ಪಡೆಯುತ್ತಾನೆ. ಅವಕಾಶ ದೊರೆತೊಡನೆ ಕಬ್ಬಿಣ ಮತ್ತೆ ಆಮ್ಲಜನಕವನ್ನು ಸೇರಿ ತನ್ನ ಹಳೆಯ ಸ್ಥಿತಿಗೆ ಮರಳುತ್ತದೆ.

ಇದಕ್ಕೆ ಗಾಳಿಯೂ ಬೇಕು, ನೀರೂ ಬೇಕು. ಮನೆಯಲ್ಲಿಯೇ ಇದನ್ನು ಪರೀಕ್ಷಿಸಬಹುದು. ಮೂರು ಸೀಸೆಗಳಲ್ಲಿ ಒಂದೊಂದು ಹೊಸ ಮೊಳೆಯನ್ನು ಹಾಕಬೇಕು. ಮೊದಲನೆಯದರಲ್ಲಿ ತೇವ ಹೀರುವ ಸುಟ್ಟ ಸುಣ್ಣದ ಹರಳನ್ನಿಟ್ಟು ಬಿಗಿಯಾಗಿ ಮುಚ್ಚಬೇಕು. ಎರಡನೆಯದರಲ್ಲಿ ಚೆನ್ನಾಗಿ ಕುದಿಸಿದ ನೀರನ್ನು ತುಂಬಿ, ಮೇಲೆ ಎಣ್ಣೆ ಸುರಿದು ಮುಚ್ಚಬೇಕು. ಮೂರನೆಯದರಲ್ಲಿ ಮೊಳೆ ಅರ್ಧ ಮುಳುಗುವಷ್ಟು ಬಾವಿಯ ನೀರು ಸಾಕು. ಕೆಲವು ದಿನ ಕಳೆದ ಮೇಲೆ ನೋಡಿದರೆ ಕೆಂಪೇರಿದ್ದು ಮೂರನೆಯ ಮೊಳೆ ಮಾತ್ರ. ಮೊದಲನೆಯದರಲ್ಲಿ ನೀರಿಲ್ಲ, ಎರಡನೆಯದರಲ್ಲಿ ಗಾಳಿಯಿಲ್ಲ.

ಟಿಪ್ಪು ಸುಲ್ತಾನನ ಕಾಲದ ಬಾಣಗಳ ಕಥೆಯಲ್ಲಿಯೂ ಈ ತತ್ತ್ವ ಕಾಣುತ್ತದೆ. 1799ರಲ್ಲಿ ಶ್ರೀರಂಗಪಟ್ಟಣ ಬೀಳುವ ಮುನ್ನ ಇಂಗ್ಲಿಷರ ಮೇಲೆ ಹಾರಿದ ಬಾಣಗಳಿಗೆ ಕಬ್ಬಿಣದ ಕೊಳವೆಯೇ ಒಡಲು. ಅಂಥ ಸಾವಿರಕ್ಕೂ ಹೆಚ್ಚು ಬಾಣಗಳು 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಹಾಳುಬಾವಿಯೊಂದರಲ್ಲಿ ದೊರೆತವು. ಕೆಸರಿನ ಆಳದಲ್ಲಿ ನೀರು ಎಷ್ಟಿದ್ದರೂ ಗಾಳಿಯ ಸುಳಿವು ಕಡಿಮೆ. ಅಲ್ಲಿ ತುಕ್ಕಿನ ನಡೆ ನಿಧಾನ. ನೆಲದಿಂದ ಮೇಲೆತ್ತಿದ ಹಳೆಯ ಕಬ್ಬಿಣವೇ ಬೇಗ ಕೆಡುತ್ತದೆ. ವಸ್ತುಸಂಗ್ರಹಾಲಯಗಳಲ್ಲಿ ಅಂಥ ವಸ್ತುಗಳನ್ನು ತೇವ ತಾಗದಂತೆ ಕಾಪಾಡುವುದು ಆದುದರಿಂದಲೇ.

ಉಪ್ಪು ಮತ್ತು ಹುಳಿ ತುಕ್ಕಿನ ಗೆಳೆಯರು. ಗಂಜಲದಲ್ಲಿ ಉಪ್ಪಿನಂಶವಿದೆ, ಕಬ್ಬಿನ ಹಾಲಿನಲ್ಲಿ ಹುಳಿಯಂಶವಿದೆ. ಪಾಂಡವಪುರದ ಸುತ್ತಿನ ಆಲೆಮನೆಗಳಲ್ಲಿ ಅರೆಯುವ ಕೆಲಸ ಮುಗಿದ ಮೇಲೆ ಗಾಣವನ್ನು ತೊಳೆದು, ಒರಸಿ, ಜಿಡ್ಡು ಬಳಿಯದಿದ್ದರೆ ಅದು ದುಡಿಮೆಯಲ್ಲಿ ಸವೆದದ್ದಕ್ಕಿಂತ ವಿಶ್ರಾಂತಿಯಲ್ಲಿ ಹೆಚ್ಚು ಸವೆಯುತ್ತದೆ.

ಎಲ್ಲ ಲೋಹಗಳ ಸ್ವಭಾವವೂ ಒಂದೇ ಅಲ್ಲ. ನಾಗಮಂಗಲ ಹಿತ್ತಾಳೆಯ ಕೆಲಸಕ್ಕೆ ಹಿಂದಿನಿಂದ ಹೆಸರಾದ ಊರು. ಹಿತ್ತಾಳೆ, ತಾಮ್ರಗಳೂ ಹವೆಗೆ ಬಣ್ಣಗೆಡುತ್ತವೆ. ಆದರೆ ತಾಮ್ರದ ಮೇಲಿನ ಹಸಿರು ಪದರ ಲೋಹಕ್ಕೆ ಗಟ್ಟಿಯಾಗಿ ಹತ್ತಿಕೊಂಡು ಒಳಗಿನದನ್ನು ಕಾಯುತ್ತದೆ. ಅಡಿಗೆಯ ಪಾತ್ರೆಯಲ್ಲಿ ಮಾತ್ರ ಅದು ಅಪಾಯಕರ. ಹುಣಿಸೆಯ ಹುಳಿಗೆ ಕರಗಿ ಊಟದಲ್ಲಿ ಬೆರೆಯುತ್ತದೆ. ಆ ಕಿಲುಬನ್ನು ತಡೆಯಲೆಂದೇ ಹಿರಿಯರು ಪಾತ್ರೆಗಳಿಗೆ ತವರದ ಕಲಾಯಿ ಹಾಕಿಸುತ್ತಿದ್ದರು. ಕಬ್ಬಿಣದ ತುಕ್ಕಿಗಾದರೋ ಕಾಯುವ ಗುಣವಿಲ್ಲ. ಅದು ಸಡಿಲ, ರಂಧ್ರಮಯ. ಮೂಲ ಲೋಹಕ್ಕಿಂತ ಹೆಚ್ಚು ಸ್ಥಳವನ್ನು ಬೇಡುತ್ತದೆ. ಆದುದರಿಂದ ಉಬ್ಬಿ, ಸೀಳಿ, ಒಳಕ್ಕೆ ನೀರಿಗೂ ಗಾಳಿಗೂ ದಾರಿ ಬಿಡುತ್ತದೆ. ತಾರಸಿಯ ಕಾಂಕ್ರೀಟು ಬಿರಿದು ಚಕ್ಕೆ ಬೀಳುವುದು ಅನೇಕ ವೇಳೆ ಒಳಗಿನ ಸರಳು ಹೀಗೆ ಉಬ್ಬುವುದರಿಂದ.

ಕೃಷ್ಣರಾಜಪೇಟೆಯ ಹಳ್ಳಿಗಳಲ್ಲಿ ಮಾಡಿಗೆ ಹೊದಿಸುವ ತಗಡು ಮಳೆಬಿಸಿಲುಗಳನ್ನು ತಡೆಯುವುದು ಸತುವಿನ ಲೇಪದಿಂದ. ಲೇಪ ಅಲ್ಲಲ್ಲಿ ಗೀರಿದರೂ ಸತುವು ಮೊದಲು ತಾನು ಕರಗಿ ಕಬ್ಬಿಣವನ್ನು ಉಳಿಸುತ್ತದೆ. ಸತುವು ತೀರಿದ ದಿನ ತಗಡಿನ ಆಯುಷ್ಯವೂ ತೀರಲಾರಂಭಿಸುತ್ತದೆ.

ಗುಳ ಸವೆದರೆ ಒಬ್ಬ ರೈತನಿಗೆ ನಷ್ಟ. ಅಣೆಕಟ್ಟಿನ ಬಾಗಿಲು ಸವೆದರೆ ನಾಡಿಗೇ ನಷ್ಟ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಬಾಗಿಲಿನ ಸರಪಳಿ ತುಂಡಾಗಿ, ಬಾಗಿಲು ಕೊಚ್ಚಿಹೋಗಿ, ರೈತರು ನೆಚ್ಚಿಕೊಂಡಿದ್ದ ನೀರು ಹೊಳೆಯ ಪಾಲಾಯಿತು. ಶ್ರೀರಂಗಪಟ್ಟಣದ ಸಮೀಪದಲ್ಲಿ, 1911ರಲ್ಲಿ ಕೆಲಸವಾರಂಭವಾದ ಕೃಷ್ಣರಾಜಸಾಗರದಲ್ಲಿ ಹಳೆಯ ಬಾಗಿಲುಗಳನ್ನು ತೆಗೆದು ಹೊಸವನ್ನು ಕೂಡಿಸುವ ಕೆಲಸ ಈಚಿನ ವರ್ಷಗಳಲ್ಲಿ ನಡೆದಿದೆ. ಆದರೆ ಹೊಸ ಬಾಗಿಲೂ ಕಬ್ಬಿಣದ್ದೇ. ಅದು ನಿಂತ ದಿನದಿಂದಲೇ ನೀರೂ ಗಾಳಿಯೂ ತಮ್ಮ ಕೆಲಸವನ್ನು ಆರಂಭಿಸಿರುತ್ತವೆ.

ಕಬ್ಬಿಣವು ಮಣ್ಣಿಗೆ ಮರಳುವುದನ್ನು ಶಾಶ್ವತವಾಗಿ ತಡೆಯಲು ಯಾರಿಂದಲೂ ಸಾಧ್ಯವಿಲ್ಲ. ಮುಂದೂಡಲು ಎಲ್ಲರಿಂದಲೂ ಸಾಧ್ಯ. ಬಣ್ಣ ಬಿರಿದಲ್ಲಿ ಒಡನೆ ಬಳಿಯುವುದು, ನೀರು ನಿಲ್ಲದಂತೆ ನೋಡುವುದು, ಕೆಲಸ ಮುಗಿದ ಸಂಜೆ ಒರಸಿ ಎಣ್ಣೆ ಸವರುವುದು — ಇವೆಲ್ಲ ಸಣ್ಣ ಕೆಲಸಗಳು. ಅಟ್ಟದ ಮೇಲಿನ ಗುಳವನ್ನು ಉಳಿಸಿದ್ದು ಇಂಥದೇ ಒಂದು ಗುಕ್ಕು ಎಣ್ಣೆ.